ಕೆಂಪು ಗಂಟಿನೊಳಗಿನ ಕನ್ನಡ ಚೀಟಿ

ಸರಕಾರಿ ಕಾಗದ ಇಲ್ಲದಿರುವುದರಲ್ಲಿ ನಾಲ್ಕು ಬಗೆ. ಅದು ಹುಟ್ಟಿಯೇ ಇಲ್ಲದಿರುವುದು ಒಂದು. ಹುಟ್ಟಿದ್ದು, ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದಿರುವುದು ಇನ್ನೊಂದು. ಎಲ್ಲಿದೆಯೆಂದು ಗೊತ್ತಿದ್ದೂ ಅಲ್ಲಿಗೆ ಹತ್ತುವ ಏಣಿಯ ಮೆಟ್ಟಿಲು ಮುರಿದಿರುವುದು ಮೂರನೆಯದು. ಏಣಿ ಗಟ್ಟಿಯಾಗಿಯೇ ಇದ್ದು, ಹತ್ತಬೇಕಾದವನು ಚಹಾಕ್ಕೆ ಹೋಗಿರುವುದು ನಾಲ್ಕನೆಯದು. ನಾಲ್ಕಕ್ಕೂ ಉತ್ತರ ಒಂದೇ: ‘ಸದರ್ ಅಭಿಲೇಖ್ ಆಢಳೂನ್ ಯೇತ್ ನಾಹೀ.’ ಸದರಿ ದಾಖಲೆ ಕಂಡುಬರುತ್ತಿಲ್ಲ. ಗಮನಿಸಿ, ‘ಇಲ್ಲ’ ಎಂದಿಲ್ಲ, ಕಂಡುಬರುತ್ತಿಲ್ಲ. ಅಂದರೆ ತಪ್ಪು ಕಾಗದದ್ದು. ಅದು ತಾನಾಗಿ ಬಂದು ಕಾಣಿಸಿಕೊಳ್ಳಬೇಕಾಗಿತ್ತು.

ಮುಂಬಯಿಯ ಪೂರ್ವ ಉಪನಗರದ ಒಂದು ವಾರ್ಡ್ ಆಫೀಸಿನ ರೆಕಾರ್ಡ್ ರೂಮಿನಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ವಾರ್ಡು ಎಂದು ಹೇಳುವುದಿಲ್ಲ. ತಿಳಿಯಲೇಬೇಕೆನ್ನುವವರು ಅರ್ಜಿ ಹಾಕಬಹುದು. ಏನು ಉತ್ತರ ಬರುತ್ತದೆಂದು ಮೇಲೆಯೇ ಬರೆದಿದ್ದೇನೆ. ಆ ವಾಕ್ಯದ ಕೆಳಗಿನ ಸಹಿ ಸಾಹೇಬರದು, ಕರಡು ನನ್ನದು. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿಷಯ ಇಲ್ಲಿಲ್ಲ. ಎರಡು ಸಿಕ್ಕಿದವು; ಎರಡು ಸಲವೂ ಕುರ್ಚಿ ಬದಲಾಗಲಿಲ್ಲ, ಕುರ್ಚಿಯ ಬೆನ್ನಿನ ಮೇಲೆ ಹಾಸುವ ಟವೆಲ್ ಮಾತ್ರ ಬದಲಾಯಿತು.

ನಾನು ಸೇರಿದಾಗ ಹೆಡ್ ಕ್ಲರ್ಕ್ ಆಗಿದ್ದವರು ಸಾವಂತ್ ಸಾಹೇಬರು. ಅವರ ನಿಯಮ ಸರಳ: ಕಾಗದ ಬಂದ ತಾರೀಖಿನ ಕ್ರಮದಲ್ಲೇ ಇಡಬೇಕು, ಕೆಂಪು ಬಟ್ಟೆಯಲ್ಲಿ ಕಟ್ಟಬೇಕು, ಆಮೇಲೆ ಮರೆಯಬೇಕು. ತೊಂದರೆ ಏನೆಂದರೆ, ಕೇಳಲು ಬರುವವರ ಬಳಿ ತಾರೀಖು ಇರುವುದಿಲ್ಲ. ‘ಸ್ಟೇಷನ್ ಪಕ್ಕದ ಹಿಟ್ಟಿನ ಗಿರಣಿಯ ಲೈಸೆನ್ಸು’ ಎನ್ನುತ್ತಾರೆ, ‘ನಾಲೆಯ ಆಚೆ ಬದಿಯ ಚಾಳು’ ಎನ್ನುತ್ತಾರೆ. ಜನ ಜಾಗದಿಂದ ನೆನಪಿಡುತ್ತಾರೆ, ಆಫೀಸು ತಾರೀಖಿನಿಂದ. ನಡುವೆ ಕುಳಿತವನ ಕತ್ತು ನೋಯುತ್ತದೆ.

ಹೀಗಾಗಿ ಎರಡು ಬೇಸಿಗೆ ಧೂಳು ಕುಡಿದು ಇಡೀ ಕೋಣೆಯನ್ನು ಜಾಗದ ಪ್ರಕಾರ ಮತ್ತೆ ಕಟ್ಟಿದೆ. ಪ್ರತಿ ಗಂಟಿನೊಳಗೂ ಒಂದು ಚೀಟಿ, ಎಲ್ಲಕ್ಕೂ ಸೇರಿಸಿ ಒಂದು ಉದ್ದ ನೋಟ್‌ಬುಕ್ಕು. ಎಲ್ಲ ಕನ್ನಡದಲ್ಲಿ. ಏಕೆ ಕನ್ನಡ ಎಂದು ಕೇಳಿದವರಿಗೆ, ಕೈ ಬೇಗ ಓಡುತ್ತದೆ ಎಂದು ಹೇಳುತ್ತಿದ್ದೆ. ಅದು ಅರ್ಧ ನಿಜ. ಉಳಿದರ್ಧವನ್ನು ಸಾವಂತ್ ಸಾಹೇಬರು ಒಂದೇ ನೋಟಕ್ಕೆ ಕಂಡುಹಿಡಿದರು. ಒಂದು ಗಂಟು ಬಿಚ್ಚಿ, ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕನ್ನಡಕದ ಮೇಲಿನಿಂದ ಕೇಳಿದರು:

“ಮೂರ್ತಿ, ದಫ್ತರ್ ಲಾವಲಂಸ್ ಕೀ ಕುಲೂಪ್ ಲಾವಲಂಸ್?”

ದಫ್ತರ ಜೋಡಿಸಿದ್ದೀಯೋ, ಬೀಗ ಜಡಿದಿದ್ದೀಯೋ ಎಂದು. ನಾನು ವಿನಯದಿಂದ ನಕ್ಕೆ. ಅವರೂ ನಕ್ಕರು. ಆಮೇಲೆ ಎಷ್ಟೋ ವರ್ಗಾವಣೆಯ ಪಟ್ಟಿಗಳು ಬಂದು ಹೋದವು. ನನ್ನ ಹೆಸರು ಒಂದರಲ್ಲೂ ಇರಲಿಲ್ಲ. ಮೈಸೂರಿನಿಂದ ಬಂದು ಮಾಟುಂಗದಲ್ಲಿ ಮನೆ ಮಾಡಿದವನಿಗೆ, ಕಾಫಿಪುಡಿ ಅಂಗಡಿಯಿಂದ ಆಫೀಸಿಗೆ ಸೆಂಟ್ರಲ್ ಲೈನಿನ ಒಂದೇ ಲೋಕಲ್. ಅದನ್ನು ಕಳೆದುಕೊಳ್ಳುವ ಮನಸ್ಸು ನನಗೂ ಇರಲಿಲ್ಲ.

ಅರ್ಜಿದಾರರಲ್ಲಿ ಮರೆಯಲಾಗದವನು ಒಂದು ಸೊಸೈಟಿಯ ಸೆಕ್ರೆಟರಿ. ‘ನಮ್ಮ ಬಿಲ್ಡಿಂಗಿಗೆ ಸಂಬಂಧಪಟ್ಟ ಮೊದಲಿನಿಂದ ಇಂದಿನವರೆಗಿನ ಸಮಸ್ತ ಮಾಹಿತಿ’ ಎಂದು ಕೇಳಿದ. ಸಮಸ್ತವನ್ನೂ ಮೇಜಿನ ಮೇಲೆ ಹೇರಿದೆ. ಅದರಲ್ಲಿ ಮುಕ್ಕಾಲು ಪಾಲು, ಮೇಲಿನ ಮಹಡಿಯವರ ಹೂಕುಂಡಗಳಿಂದ ನೀರು ತೊಟ್ಟಿಕ್ಕುತ್ತದೆ ಎಂದು ಅದೇ ಸೆಕ್ರೆಟರಿ ವರ್ಷಾನುವರ್ಷ ಬರೆದ ದೂರುಗಳು. ಆತ ಒಂದೊಂದನ್ನೂ ಓದಿ, “ಚೆನ್ನಾಗಿ ಬರೆದಿದ್ದೇನೆ ಅಲ್ವಾ?” ಎಂದು ನನ್ನನ್ನೇ ಕೇಳಿದ. ಅವನಿಗೆ ಬೇಕಿದ್ದ ಒಂದೇ ಒಂದು ನಕಾಶೆ ಅಡಿಯಲ್ಲಿ ಉಳಿದುಬಿಟ್ಟಿತು. ಕೇಳುವವರು ಇದನ್ನು ನೆನಪಿಡಿ: ಸಮಸ್ತ ಕೇಳಬೇಡಿ. ಒಂದು ಕಾಗದ ಕೇಳಿ. ಕಾಗದ ಯಾವುದೆಂದು ಗೊತ್ತಿಲ್ಲದಿದ್ದರೆ ಅದು ದಾಖಲಾದ ರಿಜಿಸ್ಟರ್ ಕೇಳಿ. ಕಾಗದ ಕಳೆದುಹೋಗುತ್ತದೆ, ರಿಜಿಸ್ಟರ್ ದಪ್ಪಗಿರುವುದರಿಂದ ಅಷ್ಟು ಸುಲಭವಾಗಿ ಕಳೆಯುವುದಿಲ್ಲ.

ಒಂದು ಮಳೆಗಾಲ ನಮ್ಮ ಕೋಣೆಗೆ ಮೊಣಕಾಲುದ್ದ ನೀರು ನುಗ್ಗಿತು. ಕೆಳಗಿನ ಸಾಲಿನ ಗಂಟುಗಳನ್ನೆಲ್ಲ ಮಹಡಿಯ ಲಸಿಕೆ ಕೋಣೆಯ ಅಟ್ಟಕ್ಕೆ ಸಾಗಿಸಿದೆವು. ನೆನೆದವುಗಳಲ್ಲಿ ನಮ್ಮ ವಾರ್ಡಿನ ಗುಡ್ಡದ ಮೇಲಿನ ಜೋಪಡಿಗಳ ಸರ್ವೆ ರಿಜಿಸ್ಟರುಗಳೂ ಇದ್ದವು. ಯಾವ ಗುಡಿಸಲಿನಲ್ಲಿ ಯಾರು, ಎಂದಿನಿಂದ ಎನ್ನುವ ಪಟ್ಟಿ ಅದು. ಸರ್ವೆಯವರು ಬಾಗಿಲ ಮೇಲೆ ಬಣ್ಣದಲ್ಲಿ ನಂಬರ್ ಬರೆದು, ಅದೇ ನಂಬರನ್ನು ರಿಜಿಸ್ಟರಿಗೆ ಇಳಿಸಿ, ಮನೆಯವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದರು. ನೀರು ಇಳಿದ ಮೇಲೆ, ಮನೆಯ ಕಾಗದಗಳನ್ನು ಮಳೆಗೆ ಕಳೆದುಕೊಂಡ ಗುಡ್ಡದ ಜನ ನಕಲಿಗಾಗಿ ಕಿಟಕಿಗೆ ಮುಗಿಬಿದ್ದರು. ಪ್ರತಿಯೊಬ್ಬನಿಗೂ ಅದೇ ರಿಜಿಸ್ಟರು. ಪ್ರತಿ ಸಲವೂ ಏಣಿ, ಇಬ್ಬರು ಸಿಪಾಯಿಗಳು, ಅಂಟಿಕೊಂಡ ಹಾಳೆಗಳು. ಒಂದು ವಾರ ಹತ್ತಿಸಿ ಇಳಿಸಿದೆ. ಆಮೇಲೆ ಕರಡು ಬರೆಯತೊಡಗಿದೆ: ಸದರಿ ದಾಖಲೆ ಕಂಡುಬರುತ್ತಿಲ್ಲ. ನಾಲ್ಕನೆಯ ಬಗೆಯ ‘ಇಲ್ಲ’.

ಇದನ್ನು ಮರೆತು ನಿವೃತ್ತನಾದೆ. ಚಾರ್ಜು ಒಪ್ಪಿಸುವಾಗ ಮರಾಠಿಯ ಅಧಿಕೃತ ಪಟ್ಟಿ ಕೊಟ್ಟೆ. ಅದು ತಾರೀಖಿನ ಕ್ರಮದ್ದು. ಕೋಣೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಕನ್ನಡದ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ಈ ಮೂರ್ತಿ ಇಲ್ಲದೆ ವಾರದೊಳಗೆ ಆಫೀಸು ನಿಂತುಹೋಗುತ್ತದೆ, ಫೋನು ಬರುತ್ತದೆ, ಆಗ ಗಂಭೀರವಾಗಿ ಹೋಗಿ ಬರುವುದು ಎಂಬ ಯೋಜನೆ. ಮೊದಲ ತಿಂಗಳು ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಚ್ಚಲ ಕಿಟಕಿಯಲ್ಲಿ ಇಟ್ಟುಕೊಂಡೆ. ಬರಲಿಲ್ಲ. ಕೂತಲ್ಲಿ ಕೂರಲಾಗದೆ ಅಡುಗೆಮನೆಯ ಡಬ್ಬಗಳನ್ನು ಬಳಕೆಯ ಪ್ರಕಾರ ಜೋಡಿಸಿ ಚೀಟಿ ಅಂಟಿಸಿದೆ.

“ರೀ, ತೊಗರಿಬೇಳೆ ಬೇಕಾದ್ರೆ ಯಾರಿಗೆ ಅರ್ಜಿ ಹಾಕ್ಬೇಕು?” ಎಂದಳು ನನ್ನ ಹೆಂಡತಿ ಸರೋಜ. “ಇವತ್ತೇ ಸಾರು ಆಗ್ಬೇಕು. ಮೂವತ್ತು ದಿನ ಕಾಯಕ್ಕಾಗಲ್ಲ.”

ಆಫೀಸು ಏಕೆ ನಿಲ್ಲಲಿಲ್ಲ ಎಂಬುದು ತಿಳಿದದ್ದು ಒಂದು ಗುರುವಾರ, ಶಾಂತವ್ವ ತಂದ ಕಾಗದದಿಂದ.

ಶಾಂತವ್ವ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಗುಡಿಸಿ ಒರೆಸುವವಳು. ಕಲಬುರಗಿ ಕಡೆಯಿಂದ ಬಂದ ಕುಟುಂಬ. ಗಂಡ ಬಸವರಾಜ ಕಟ್ಟಡದ ಕೆಲಸ ಮಾಡುತ್ತಿದ್ದು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ದಿನಾ ಬೆಳಗ್ಗೆ ಲೋಕಲ್ ಹಿಡಿದು ಮಾಟುಂಗಕ್ಕೆ ಬರುತ್ತಿದ್ದಳು. ಅಂದು ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿನ ತುದಿಯಿಂದ ಮಡಿಸಿದ ಕಾಗದ ತೆಗೆದಳು.

“ಸಾಹೇಬ್ರ, ನೀವು ಪಾಲಿಕಿ ಆಫೀಸ್‌ನಾಗ ಇದ್ರಂತಲ್ರಿ. ಇದರಾಗ ಏನ್ ಬರದಾರ ನೋಡ್ರಿ. ಮರಾಠಿ ಮಾತು ಬರ್ತೈತಿ, ಅಕ್ಷರ ಬರಂಗಿಲ್ಲ.”

ಗುಡ್ಡದ ಜೋಪಡಿಗಳನ್ನು ತೆಗೆದು ಅಲ್ಲಿಯವರಿಗೆ ಬಿಲ್ಡಿಂಗಿನಲ್ಲಿ ಮನೆ ಕೊಡುವ ಯೋಜನೆ ಬಂದಿತ್ತು. ಗಡುವಿನ ವರ್ಷಕ್ಕೆ ಮೊದಲೇ ಅಲ್ಲಿದ್ದವರು ಪಾತ್ರ, ಅಂದರೆ ಮನೆಗೆ ಅರ್ಹರು; ಉಳಿದವರು ಅಪಾತ್ರ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಅಪಾತ್ರ ಎಂದಿತ್ತು. ಮನೆಯ ಕಾಗದಗಳನ್ನೆಲ್ಲ ಒಂದು ಮಳೆ ಗುಡ್ಡದ ಮಣ್ಣಿನ ಜೊತೆ ಒಯ್ದಿತ್ತು. ಸರ್ವೆಯ ನಕಲು ಕೊಡಿ ಎಂದು ಅವಳು ಆಫೀಸಿಗೆ ಅರ್ಜಿ ಹಾಕಿದ್ದಳು. ಉತ್ತರ ನನ್ನ ಕೈಯಲ್ಲಿತ್ತು: ‘ಸದರ್ ಅಭಿಲೇಖ್ ಆಢಳೂನ್ ಯೇತ್ ನಾಹೀ.’

ನನ್ನದೇ ವಾಕ್ಯ. ಪೂರ್ಣವಿರಾಮ ಸಹಿತ ನನ್ನದೇ. ನಾನಿಲ್ಲದೆ ಆಫೀಸು ಹೇಗೆ ನಡೆಯುತ್ತಿದೆ ಎಂದು ಆ ಕ್ಷಣ ಹೊಳೆಯಿತು: ಗಂಟು ಬಿಚ್ಚುವ ಬದಲು ಅದನ್ನೇ ಅಚ್ಚು ಹಾಕುತ್ತಿದ್ದರು.

“ಬುಧವಾರ ಕಡೀ ವಿಚಾರಣಿ ಐತ್ರಿ,” ಎಂದಳು ಶಾಂತವ್ವ. “ಅವತ್ತು ಕಾಗದ ತೋರಸಲಿಲ್ಲಂದ್ರ ಮನಿ ಹೋತು. ಮಗಳು, ಮೊಮ್ಮಗ, ನಾನು. ಎಲ್ಲಿ ಹೋಗೂದ್ರಿ? ಯಜಮಾನ ಇದ್ದಾಗ ಒಮ್ಮೆ ಕೇಳಾಕ ಹೋಗಿದ್ದ. ಅಲ್ಲಿ ಕನ್ನಡ ಮಾತಾಡೋ ಸಾಹೇಬ್ರು ಅದಾರಂತ ಅಂಗಿ ತೊಳಕೊಂಡು ಖುಷೀಲೆ ಹೋಗಿದ್ದ. ಇಲ್ಲ ಅಂದು ಕಳಿಸಿದ್ರಂತ.”

ಆ ಆಫೀಸಿನಲ್ಲಿ ಕನ್ನಡ ಮಾತಾಡುವ ಸಾಹೇಬರು ಎಂದರೆ ಎಷ್ಟು ಜನ ಎಂದು ನಾನು ಲೆಕ್ಕ ಹಾಕಬೇಕಾಗಿರಲಿಲ್ಲ. “ನಿಮ್ಮ ಜೋಪಡಿ ಎಲ್ಲಿ?” ಎಂದೆ.

“ಮಾರುತಿ ಗುಡಿ ಹಿಂದ್ರಿ. ಬಾಗಲ ಮ್ಯಾಲಿನ ನಂಬರ್ ನನಗ ಬಾಯಿಪಾಠ ಐತಿ.”

ನೋಟ್‌ಬುಕ್ಕು ತೆಗೆದೆ. ‘ಗುಡ್ಡ, ಮಾರುತಿ ಗುಡಿ ಹಿಂದೆ: ಮಹಡಿ, ಲಸಿಕೆ ಕೋಣೆ, ಅಟ್ಟ, ಎಡಗಡೆ.’ ಅಲ್ಲೇ ಚಪ್ಪಲಿ ಮೆಟ್ಟಿ ಹೊರಟೆ. “ಕಾಫಿ ಸೋಸ್ತಿದೀನಿ, ಕುಡಿದು ಹೋಗಿ ಅಂದ್ರೆ,” ಎನ್ನುವ ಸರೋಜಳ ದನಿ ಎರಡು ಮಹಡಿ ನನ್ನನ್ನು ಹಿಂಬಾಲಿಸಿತು.

ರೆಕಾರ್ಡ್ ರೂಮಿನಲ್ಲಿ ಈಗ ವೈಶಾಲಿ ಎಂಬ ಹುಡುಗಿ. ನನ್ನ ಕುರ್ಚಿ, ನನ್ನ ಮೇಜು, ಮೇಜಿನ ಮೇಲೆ ಕಂಪ್ಯೂಟರು. ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದ್ದರಂತೆ. ನಾನು ಕೊಟ್ಟ ಅಧಿಕೃತ ಪಟ್ಟಿ ಹಿಡಿದು ಗುತ್ತಿಗೆಯವರು ಹುಡುಕಿ, ಸಿಕ್ಕಿದ್ದನ್ನು ಖಾಲಿ ಬೆನ್ನುಪುಟಗಳ ಸಮೇತ ಶ್ರದ್ಧೆಯಿಂದ ಸ್ಕ್ಯಾನ್ ಮಾಡಿ, ಸಿಗದ್ದರ ಮುಂದೆ ಅಡ್ಡಗೀಟು ಹಾಕಿ ಹೋಗಿದ್ದರು. ಅಡ್ಡಗೀಟುಗಳೇ ಹೆಚ್ಚು. ನಾನು ಒಳಗೆ ಹೆಜ್ಜೆಯಿಟ್ಟ ಕೂಡಲೇ ಅವಳು ಎದ್ದು ನಿಂತಳು. ಗೌರವಕ್ಕೆಂದು ತಿಳಿದೆ. ತಡೆಯುವುದಕ್ಕೆ.

“ಕಾಕಾ, ಹೊರಗಿನವರು ಒಳಗೆ ಬರುವ ಹಾಗಿಲ್ಲ,” ಎಂದಳು ಮರಾಠಿಯಲ್ಲಿ.

“ನಾನು ಹೊರಗಿನವನಲ್ಲಮ್ಮ. ಈ ಗಂಟುಗಳನ್ನು ಕಟ್ಟಿದವನೇ ನಾನು.”

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಓಹೋ, ಆ ಅರ್ಥವಾಗದ ಚೀಟಿಗಳು ನಿಮ್ಮವಾ? ನಾನು ಬಂದ ದಿನದಿಂದ ನಿಮ್ಮನ್ನು ಬೈಯುತ್ತಿದ್ದೇನೆ. ಇವತ್ತು ಮುಖ ನೋಡಿದ ಹಾಗಾಯಿತು.”

ಕಿಟಕಿಯ ಹೊರಬದಿಯಲ್ಲಿ ನಿಂತು, ಜೀವನದಲ್ಲಿ ಮೊದಲ ಸಲ ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪಿಗೆ ಅರ್ಧ ಗಂಟೆ ಅಲೆದೆ, ಅಂಟಿಸಲು ಗೋಂದಿಗೆ ಇನ್ನೂ ಸ್ವಲ್ಪ. ಹೊರಬದಿಯಿಂದ ಕಿಟಕಿ ಅಷ್ಟು ಎತ್ತರವಿದೆ ಎಂದು ನನಗೆ ಗೊತ್ತಿರಲಿಲ್ಲ; ಮಾತಾಡಬೇಕಾದರೆ ಕತ್ತು ಎತ್ತಲೇಬೇಕು. ಅದನ್ನು ಹಾಗೆ ಮಾಡಿಸಿದವನು ನಾನೇ, ಗಾಳಿ ಬರುತ್ತದೆ ಎಂಬ ನೆಪದಲ್ಲಿ. ವೈಶಾಲಿ ಅರ್ಜಿಗೆ ಮೊಹರು ಒತ್ತಿ, “ಮೂವತ್ತು ದಿನದೊಳಗೆ ಉತ್ತರ ಬರುತ್ತದೆ ಕಾಕಾ,” ಎಂದಳು.

“ವಿಚಾರಣೆ ಬುಧವಾರ ಇದೆ, ತಾಯಿ.”

ಅವಳು ಪೆನ್ನಿನ ತುದಿ ಕಚ್ಚಿ ಕೂತಳು. ಆಮೇಲೆ ದನಿ ತಗ್ಗಿಸಿದಳು. “ಸೋಮವಾರ ಮಧ್ಯಾಹ್ನ ಮೂರರಿಂದ ಐದು, ಜನ ಬಂದು ದಾಖಲೆ ನೋಡಬಹುದು ಎಂಬ ನಿಯಮ ಇದೆ. ಅರ್ಜಿ ಬೇಡ. ಯಾರೂ ಬರುವುದಿಲ್ಲ, ಏಕೆಂದರೆ ನಾವು ಯಾರಿಗೂ ಹೇಳುವುದಿಲ್ಲ. ಐದಕ್ಕೆ ಸಾಹೇಬರು ಬೀಗ ಹಾಕಿಸುತ್ತಾರೆ.”

ಹೊಸಬರೇ, ಈ ಸೋಮವಾರದ ಎರಡು ಗಂಟೆಯನ್ನು ಬರೆದಿಟ್ಟುಕೊಳ್ಳಿ. ಕೇಳಿದವರಿಗೆ ಹೇಳಿ. ಕೇಳದವರಿಗೂ ಹೇಳಿ.

ಶುಕ್ರ, ಶನಿ, ಭಾನುವಾರಗಳು ಹೇಗೆ ಕಳೆದವೋ. ಹಳೆಯ ಪೇಪರುಗಳನ್ನು ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಮಾಟುಂಗ ಸ್ಟೇಷನ್ನಿನವರೆಗೆ ನಡೆದು ಯಾವ ಗಾಡಿಯೂ ಹತ್ತದೆ ಹಿಂತಿರುಗಿದೆ. ಅಂಗಿ ತೊಳೆದು ಹಾಕಿಕೊಂಡು ಖುಷಿಯಿಂದ ಬಂದವನ ಮುಖ ನೆನಪಿಸಿಕೊಳ್ಳಲು ನೋಡಿದೆ. ಎಷ್ಟೋ ಮುಖಗಳು ಬಂದವು. ಅವನದು ಯಾವುದೆಂದು ತಿಳಿಯಲಿಲ್ಲ. ನನ್ನ ಸೂಚಿಯಲ್ಲಿ ಜನರ ಹೆಸರು ಇರಲಿಲ್ಲ, ಜಾಗಗಳು ಮಾತ್ರ ಇದ್ದವು.

ಸೋಮವಾರ ಮೂರು ಹೊಡೆಯುವಾಗ ನಾನೂ ಶಾಂತವ್ವನೂ ಮಹಡಿ ಹತ್ತಿದೆವು. ಲಸಿಕೆ ಕೋಣೆ ಇರಲಿಲ್ಲ. ಅಲ್ಲಿ ಗಾಜಿನ ಗೋಡೆ, ಎ.ಸಿ., ಸದಾ ಮಿಣುಕುವ ಯಂತ್ರಗಳು. ಅಟ್ಟವಿದ್ದ ಜಾಗದಲ್ಲಿ ನುಣುಪಾದ ಬಿಳಿ ಸೂರು. ನನ್ನ ಪ್ರಸಿದ್ಧ ನೋಟ್‌ಬುಕ್ಕನ್ನು ಎದೆಗೆ ಹಿಡಿದು ಸೂರು ನೋಡುತ್ತ ನಿಂತೆ. ಯಾರಿಗೂ ಅರ್ಥವಾಗದಂತೆ ಇಷ್ಟು ವರ್ಷ ಕಾಪಾಡಿದ ಗುಟ್ಟು, ಕೊನೆಗೆ ಯಾರಿಗೂ ಬೇಡವಾಗಿತ್ತು.

“ಬಣ್ಣ ಹೊಡೆಸುವಾಗ ಮೇಲಿದ್ದದ್ದನ್ನೆಲ್ಲ ಹಿಂದಿನ ಶೆಡ್ಡಿಗೆ ಸುರಿದರು,” ಎಂದಳು ವೈಶಾಲಿ. “ಬನ್ನಿ. ಮೂರೂ ಇಪ್ಪತ್ತು ಆಯಿತು.”

ಅದು ಬೀದಿಯಲ್ಲಿ ಮಾರುವ ಫೇರಿವಾಲಾಗಳಿಂದ ವಶಪಡಿಸಿಕೊಂಡ ಕೈಗಾಡಿಗಳನ್ನು ಇಡುವ ಶೆಡ್ಡು. ಅರ್ಧಕ್ಕೆ ಅರ್ಧ ಕತ್ತಲು. ಕೈಗಾಡಿಗಳ ಮೇಲೆ, ಬಟಾಟೆ ಈರುಳ್ಳಿ ಇರಬೇಕಾದ ಜಾಗದಲ್ಲಿ, ನನ್ನ ಕೆಂಪು ಗಂಟುಗಳು ರಾಶಿ ರಾಶಿಯಾಗಿ ಬಿದ್ದಿದ್ದವು. ಪಕ್ಕದಲ್ಲಿ ತಕ್ಕಡಿಯೂ ಇತ್ತು. ಮೊದಲ ಗಂಟು ಬಿಚ್ಚಿ ಚೀಟಿ ಎತ್ತಿ ಹಿಡಿದೆ. ನನ್ನ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದು ಸರದಿಯಲ್ಲಿತ್ತು. ಚೀಟಿಯಲ್ಲಿ ಇರುವೆಗಳು ಹರಿದಾಡಿದಂತೆ ಕಂಡಿತು. ವೈಶಾಲಿ ಮೊಬೈಲ್ ಬೆಳಕು ಬಿಟ್ಟಳು. ಇರುವೆಗಳು ಹೊಳೆದವು, ಅಷ್ಟೇ.

ಶಾಂತವ್ವ ನನ್ನ ಕೈಯಿಂದ ಚೀಟಿ ಇಸಿದುಕೊಂಡಳು. “ನಲ್ಲಿ ಅರ್ಜಿ, ಸ್ಟೇಷನ್ ಪೂರ್ವ,” ಎಂದು ಓದಿದಳು.

ನಾನು ಬಾಯಿ ತೆರೆದು ನಿಂತೆ.

“ಹಂಗ್ಯಾಕ ನೋಡ್ತೀರಿ? ಪಾಲಿಕಿ ಕನ್ನಡ ಸಾಳ್ಯಾಗ ನಾಕನೇತ್ತ ಕಲ್ತೀನ್ರಿ. ನಿಮ್ಮ ಅಕ್ಷರ ಏನ್ ಅಷ್ಟ ಛಲೋ ಇಲ್ಲ ಬಿಡ್ರಿ, ಆದ್ರ ಓದಾಕ ಬರ್ತೈತಿ.”

ಮುಂದೆ ಅವಳೇ ಮುಂದಾಳು. ಸಂತೆಯಲ್ಲಿ ತರಕಾರಿ ಆರಿಸುವವಳಂತೆ ಗಾಡಿಯಿಂದ ಗಾಡಿಗೆ ಹೋದಳು. ನಾನು ಬಿಚ್ಚುವುದು, ಅವಳು ಓದುವುದು, ನಾನು ಮರಾಠಿಗೆ ಇಳಿಸುವುದು, ವೈಶಾಲಿ ಬರೆದುಕೊಂಡು ಗಂಟಿನ ಹೊರಗೆ ಹೊಸ ಚೀಟಿ ಅಂಟಿಸುವುದು.

“ಹೂಕುಂಡದ ಸೆಕ್ರೆಟರಿ. ಮುಟ್ಟಿದರೆ ಕೆಟ್ಟೆ,” ಎಂದು ಶಾಂತವ್ವ ಓದಿದಳು. “ಇದು ಸರಕಾರಿ ಕಾಗದ ಏನ್ರಿ?”

“ಅದು ಆಂತರಿಕ ಟಿಪ್ಪಣಿ,” ಎಂದೆ.

“ಸಾವಂತ್ ಸಾಹೇಬರು ಕಳೆದದ್ದು, ನಾನು ಹುಡುಕಿದ್ದು. ಇದೂ ಟಿಪ್ಪಣಿ ಏನ್ರಿ?”

ವೈಶಾಲಿ ಅನುವಾದ ಕೇಳಿ ನಕ್ಕ ರಭಸಕ್ಕೆ ಮೊಬೈಲ್ ಬೆಳಕು ಶೆಡ್ಡೆಲ್ಲ ಕುಣಿಯಿತು. ನಾಲ್ಕೂ ಕಾಲಾಯಿತು. ನಾಲ್ಕೂವರೆ. ಸಿಪಾಯಿ ಬೀಗದ ಕೈ ಆಡಿಸುತ್ತ ಒಮ್ಮೆ ಇಣುಕಿ ಹೋದ. ಶಾಂತವ್ವನ ಓದು ಚುರುಕಾಯಿತು, ನಗು ನಿಂತಿತು. ಮೂಲೆಯ ಒಂದು ಗಾಡಿಯ ಅಡಿಯಲ್ಲಿದ್ದ ಗಂಟಿನ ಬಟ್ಟೆ ಕೆಂಪು ಹೋಗಿ ಕಂದಾಗಿತ್ತು, ನೀರಿನ ಗೆರೆ ಎದ್ದು ಕಾಣುತ್ತಿತ್ತು. ಗಂಟು ಬಿಗಿದುಕೊಂಡು ಬಿಚ್ಚಲೊಲ್ಲದು. ಅವಳೇ ಹಲ್ಲಿನಿಂದ ಎಳೆದಳು. ಚೀಟಿ ಕೈಗೆ ಬಂತು.

“ಗುಡ್ಡ. ಮಾರುತಿ ಗುಡಿ ಹಿಂದೆ,” ಎಂದು ಓದಿದಳು. ಚೀಟಿಯನ್ನು ಬೆಳಕಿನ ಹತ್ತಿರ ಹಿಡಿದಳು. “ನೀರಿನಲ್ಲಿ ನೆನೆದದ್ದು.”

ಮುಂದಿನ ಸಾಲಿಗೆ ನಿಂತಳು. ನಾಲ್ಕನೇ ತರಗತಿಯ ಮಗುವಿನಂತೆ ಅಕ್ಷರ ಅಕ್ಷರ ಕೂಡಿಸಿ, ನಿಧಾನವಾಗಿ ಓದಿದಳು: “ಯಾರು ಕೇಳಿದರೂ... ಇಲ್ಲ... ಎನ್ನುವುದು.”

ಬರೆದದ್ದು ನನಗೆ ಮರೆತೇ ಹೋಗಿತ್ತು. ರಜೆಯ ಮೇಲೆ ಹೋಗುವಾಗ ನನಗೆ ನಾನೇ ಬರೆದುಕೊಂಡ ಸೂಚನೆಯೋ, ಕಿರಿಕಿರಿಯಲ್ಲಿ ಗೀಚಿದ್ದೋ. ಕೈಬರಹ ನನ್ನದು.

“ಕಾಯ್ ಲಿಹಿಲಂಯ್, ಕಾಕಾ?” ವೈಶಾಲಿ ಪೆನ್ನು ಹಿಡಿದು ಕಾದಳು. ಏನು ಬರೆದಿದೆ?

ಗುಡ್ಡ, ಮಾರುತಿ ಗುಡಿ, ನೆನೆದದ್ದು ಎಂದಷ್ಟೇ ಹೇಳಿದ್ದರೆ ಆಗುತ್ತಿತ್ತು. ಇಷ್ಟು ವರ್ಷ ಆ ಚೀಟಿಗಳನ್ನು ಓದುವವನು ನಾನೊಬ್ಬನೇ ಇದ್ದೆ. ಈಗ ಇನ್ನೊಬ್ಬಳು ಎದುರಿಗೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಮರಾಠಿ ಮಾತು ಚೆನ್ನಾಗಿ ತಿಳಿಯುವವಳು. ಪೂರ್ತಿ ಹೇಳಿದೆ. ವೈಶಾಲಿಯ ಪೆನ್ನು ನಿಂತಿತು.

“ಕೊನೆಯ ಸಾಲೂ ಬರೆಯಲಾ?”

“ಬರಿ. ಯಾರು ಬರೆದದ್ದು ಎಂದೂ ಬರಿ,” ಎಂದೆ.

ಹಾಳೆಗಳು ಅಂಟಿಕೊಂಡಿದ್ದವು. ಶಾಂತವ್ವ ಬಾಯಿಪಾಠದ ನಂಬರನ್ನು ಮಂತ್ರದಂತೆ ಹೇಳುತ್ತಿದ್ದಳು; ವೈಶಾಲಿ ಅಡಿಪಟ್ಟಿಯ ಅಂಚಿನಿಂದ ಒಂದೊಂದಾಗಿ ಬಿಡಿಸಿದಳು. ಪುಟದ ಮೂಲೆ ಉದುರಿತ್ತು, ಶಾಯಿ ಹರಡಿತ್ತು. ಆದರೆ ನಂಬರಿತ್ತು, ಬಸವರಾಜನ ಹೆಸರಿತ್ತು, ಸರ್ವೆಯ ವರ್ಷವಿತ್ತು, ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ಶಾಂತವ್ವ ಅದರ ಮೇಲೆ ತನ್ನ ಹೆಬ್ಬೆರಳನ್ನು ಇಟ್ಟು, ಒತ್ತದೆ, ಹಾಗೆಯೇ ಸ್ವಲ್ಪ ಹೊತ್ತು ಹಿಡಿದಳು. ಐದಕ್ಕೆ ನಾಲ್ಕು ನಿಮಿಷವಿತ್ತು.

ಮಂಗಳವಾರ ಸಹಿ ಮೊಹರಿನ ನಕಲು ಸಿಕ್ಕಿತು. ಬುಧವಾರ ವಿಚಾರಣೆಯ ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ, ರಿಜಿಸ್ಟರನ್ನೇ ತರಿಸಿ ನೋಡಿ, ಕೊನೆಗೆ ಶಾಂತವ್ವನನ್ನು ಪಾತ್ರ ಎಂದು ಬರೆದರು. ನನ್ನ ಮಾಹಿತಿ ಹಕ್ಕಿನ ಅರ್ಜಿಗೂ ಮುಂದೆ ನಿಯಮದ ಪ್ರಕಾರ ಉತ್ತರ ಬಂತು, ಮೂವತ್ತನೆಯ ದಿನ, ಅಂಚೆಯಲ್ಲಿ: ಸದರಿ ದಾಖಲೆ ಕಂಡುಬರುತ್ತಿಲ್ಲ. ನೋಟ್‌ಬುಕ್ಕನ್ನು ವೈಶಾಲಿಗೆ ಕೊಟ್ಟು ರಸೀದಿ ಪಡೆದಿದ್ದೇನೆ. ಈಗ ನಾನೂ ಶಾಂತವ್ವನೂ ಪ್ರತಿ ಸೋಮವಾರ ಮೂರಕ್ಕೆ ಆ ಶೆಡ್ಡಿಗೆ ಹೋಗುತ್ತೇವೆ. ಗುಡ್ಡದ ಬೇರೆ ಮನೆಯವರೂ ಬರುತ್ತಾರೆ. ಇನ್ನೂ ಎರಡು ಗಾಡಿ ಬಾಕಿ ಇವೆ.

ಆ ಬುಧವಾರ ವಿಚಾರಣೆ ಮುಗಿಸಿ ಸ್ಟೇಷನ್ನಿನ ಸೇತುವೆ ಹತ್ತುವಾಗ, ಗುರುವಾರದಿಂದ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದೆ. “ಶಾಂತವ್ವ, ನಿನ್ನ ಯಜಮಾನರಿಗೆ ಅವತ್ತು ಇಲ್ಲ ಅಂದವನು ನಾನೇ ಕಣಮ್ಮ.”

ಅವಳು ನಿಲ್ಲಲಿಲ್ಲ. ನಕಲಿನ ಕಾಗದವಿದ್ದ ಪ್ಲಾಸ್ಟಿಕ್ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮೆಟ್ಟಿಲು ಹತ್ತುತ್ತಲೇ ಅಂದಳು:

“ಗೊತ್ತೈತ್ರಿ. ಅದಕ್ಕ ನಿಮ್ಮ ಕಡೀಗೆ ಬಂದೆ. ಇಲ್ಲ ಅಂದವ್ರಿಗೇ ಅಲ್ಲೇನ್ರಿ, ಎಲ್ಲಿ ಐತಿ ಅನ್ನೂದು ಗೊತ್ತಿರೂದು?”